ಇಚ್ಛೆಯ ಪಟ್ಟಿ ಬರೆಯೋರು ಯಾರು?



ಸಿಇಟಿ ರ‍್ಯಾಂಕು ಗೊತ್ತಾದ ಮೇಲೆ ಒಂದು ದಿನ ಮಧುಗಿರಿಯ ಸೈಬರ್ ಅಂಗಡಿಗಳ ಮುಂದೆ ಹೋಗಿ ನಿಂತು ನೋಡಿ. ದೊಡ್ಡೇರಿ, ಮಿಡಿಗೇಶಿ, ಕೊಡಿಗೇನಹಳ್ಳಿ, ಪುರವರ ಕಡೆಯಿಂದ ಬಂದ ನಮ್ಮ ಹುಡುಗರು ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು ಸಾಲಾಗಿ ನಿಂತಿರುತ್ತಾರೆ. ಕವರಿನೊಳಗೆ ಮಾರ್ಕ್ಸ್ ಕಾರ್ಡು, ಆಧಾರು, ನಾಡಕಚೇರಿಯಿಂದ ತಂದ ಜಾತಿ ಆದಾಯದ ಪತ್ರ. ಸರದಿ ಬಂದಾಗ ಅಂಗಡಿಯವನು ತಲೆ ಎತ್ತದೆ ಕೇಳುತ್ತಾನೆ, ‘ಯಾವ ಕಾಲೇಜು ಹಾಕ್ಲಿ?’ ಹುಡುಗ ಹಿಂದಕ್ಕೆ ತಿರುಗಿ ಅಪ್ಪನ ಮುಖ ನೋಡುತ್ತಾನೆ. ಅಪ್ಪ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು, ‘ಒಳ್ಳೇದು ಯಾವ್ದೈತೋ ನೀವೇ ನೋಡಿ ಹಾಕಿ ಸ್ವಾಮಿ’ ಅನ್ನುತ್ತಾನೆ. ಅಂಗಡಿಯವನು ಹಾಕುತ್ತಾನೆ. ಅವನ ತಪ್ಪೇನೂ ಇಲ್ಲ, ಹಿಂದೆ ಇನ್ನೂ ಇಪ್ಪತ್ತು ಜನ ಕಾದಿದ್ದಾರೆ. ಹತ್ತು ನಿಮಿಷದ ಕೆಲಸ. ಹುಡುಗನ ಮುಂದಿನ ನಾಲ್ಕು ವರ್ಷ, ಹಾಗೆ ನೋಡಿದರೆ ಅವನ ಇಡೀ ದುಡಿಮೆಯ ಬದುಕು, ಆ ಹತ್ತು ನಿಮಿಷದಲ್ಲಿ ತೀರ್ಮಾನವಾಗಿ ಹೋಗುತ್ತೆ.

ಸರ್ಕಾರದ ಭಾಷೆಯಲ್ಲಿ ಇದಕ್ಕೆ ಆಪ್ಷನ್ ಎಂಟ್ರಿ ಅಂತ ಹೆಸರು. ಕನ್ನಡದಲ್ಲಿ ಹೇಳುವುದಾದರೆ ವಿದ್ಯಾರ್ಥಿ ತನ್ನ ಇಚ್ಛೆಯನ್ನು ದಾಖಲು ಮಾಡುವುದು. ಯಾರ ಇಚ್ಛೆ ದಾಖಲಾಯಿತು ಅಂತ ನಾವು ಕೇಳುತ್ತಿದ್ದೇವೆ.

ಇಷ್ಟಕ್ಕೆ ತಕ್ಕ ಕಾಲೇಜು ಆರಿಸಿಕೊಳ್ಳಿ ಅಂತ ಪತ್ರಿಕೆಗಳು ಪ್ರತಿ ಮೇ ತಿಂಗಳು ಪುಟಗಟ್ಟಲೆ ಬರೆಯುತ್ತವೆ. ಓದಲು ಚೆನ್ನಾಗಿರುತ್ತೆ. ಆದರೆ ನಮ್ಮ ಹಟ್ಟಿಗಳಲ್ಲಿ ‘ನಿಂಗೇನು ಇಷ್ಟ?’ ಅಂತ ಮಗುವನ್ನು ಕೇಳಿದವರು ಎಷ್ಟು ಜನ? ಕೇಳುವುದು ಬೇರೆ ಪ್ರಶ್ನೆಗಳನ್ನ. ಹಾಸ್ಟೆಲ್ ಎಲ್ಲೈತೆ? ಬಸ್ಸು ಎಷ್ಟೊತ್ತಿಗೆ? ಫೀಜು ಮುಂಚೆ ಕಟ್ಟಬೇಕಾ, ಆಮೇಲಾ? ಈ ಮೂರಕ್ಕೆ ಸಿಕ್ಕ ಉತ್ತರವನ್ನೇ ನಾವು ನಮ್ಮ ಇಷ್ಟ ಅಂತ ಬರೆದುಕೊಂಡು ಬಂದಿದ್ದೇವೆ.

ನಮ್ಮ ಗುಂಪಿನಲ್ಲೇ ಒಬ್ಬ ಗೆಳೆಯ ಇದ್ದಾನೆ, ದೊಡ್ಡೇರಿ ಹೋಬಳಿಯವನು. ಹತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಇಡೀ ಸ್ಕೂಲಿಗೆ ಮೊದಲು. ಪಿಯುಸಿಗೆ ಆರ್ಟ್ಸ್ ಸೇರಿದ. ಯಾಕಪ್ಪಾ ಅಂದರೆ, ‘ಸೈನ್ಸು ನಿಮ್ಮಂಥೋರಿಗೆ ಕಷ್ಟ ಆಗುತ್ತೆ ಕಣೋ, ಟ್ಯೂಷನ್ ಬೇಕಾಗುತ್ತೆ, ಫೇಲಾದ್ರೆ ಎರಡು ವರ್ಷ ದಂಡ’ ಅಂತ ಮೇಷ್ಟ್ರೊಬ್ಬರು ಹೇಳಿದರಂತೆ. ಕೆಟ್ಟ ಮನಸ್ಸಿನಿಂದ ಹೇಳಿದರು ಅಂತ ನಾವು ಹೇಳುವುದಿಲ್ಲ. ಅಕ್ಕರೆಯಿಂದಲೇ ಹೇಳಿರಬಹುದು. ಆದರೆ ಆ ‘ನಿಮ್ಮಂಥೋರು’ ಅನ್ನುವ ಮಾತು ಒಂದು ಬೀಗ. ಇವತ್ತು ಆ ಗೆಳೆಯ ಊರೂರು ತಿರುಗಿ ಮೈಕ್ರೋ ಫೈನಾನ್ಸಿನ ಕಂತು ವಸೂಲಿ ಮಾಡುತ್ತಾನೆ. ಬಡ್ಡಿ ಲೆಕ್ಕವನ್ನು ಈಗಲೂ ಬಾಯಲ್ಲೇ ಹೇಳುತ್ತಾನೆ.

ಇನ್ನೊಬ್ಬ ಹುಡುಗ ಏಪ್ರಿಲ್ 14 ಬಂತೆಂದರೆ ಸಾಕು, ಬಣ್ಣದ ಡಬ್ಬ ಹಿಡಿದು ಗೋಡೆ ಹತ್ತುತ್ತಿದ್ದ. ಅವನು ಬರೆದ ಬಾಬಾಸಾಹೇಬರ ಚಿತ್ರ ನೋಡಿ ಮೇಲುಕೇರಿಯವರೂ ನಿಂತು ಹೋಗುತ್ತಿದ್ದರು. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಅಂತ ಸರ್ಕಾರದ್ದೇ ಒಂದಿದೆ, ಚಿತ್ರ ಬರೆಯುವುದನ್ನೇ ಪದವಿಯಾಗಿ ಓದಬಹುದು ಅಂತ ಅವನಿಗೆ ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ನಮಗೆ ಅವನ ಕೈಯಿಂದ ಬ್ಯಾನರು ಬರೆಸಿಕೊಳ್ಳುವುದು ಮಾತ್ರ ಗೊತ್ತಿತ್ತು. ಈ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟಲಾರೆವು.

ಇಷ್ಟ ಅನ್ನುವುದು ಆಕಾಶದಿಂದ ಬೀಳುವುದಿಲ್ಲ. ಕಂಡದ್ದನ್ನು ತಾನೆ ಮನುಷ್ಯ ಬಯಸುವುದು? ನಮ್ಮ ಹುಡುಗರು ಕಂಡಿರುವ ನೌಕರಿ ನಾಲ್ಕೋ ಐದೋ: ಮೇಷ್ಟ್ರು, ಪೊಲೀಸು, ನರ್ಸು, ಕಂಡಕ್ಟರು, ಗ್ರಾಮಲೆಕ್ಕಿಗ. ‘ಏನಾಗ್ತೀಯ?’ ಅಂದರೆ ಈ ಐದರಲ್ಲೇ ಒಂದನ್ನು ಹೇಳುತ್ತಾರೆ. ಬೆಂಗಳೂರಿನಲ್ಲಿ ಬಾಬಾಸಾಹೇಬರ ಹೆಸರಿನಲ್ಲೇ 2017ರಲ್ಲಿ ಅರ್ಥಶಾಸ್ತ್ರದ ಸಂಸ್ಥೆಯೊಂದು ಶುರುವಾಗಿದೆ, ಪಿಯುಸಿ ಮುಗಿಸಿ ಸೇರಿದರೆ ಐದು ವರ್ಷಕ್ಕೆ ಎಂ.ಎಸ್ಸಿ. ಮುಗಿಸಿ ಹೊರಬರಬಹುದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿಯನ್ನೂ ಬಿ.ಎಡ್ಡನ್ನೂ ಒಟ್ಟಿಗೇ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಮೇಷ್ಟ್ರಾಗಬೇಕು ಅನ್ನುವ ಹುಡುಗಿಗೆ ಒಂದು ವರ್ಷ ಉಳಿಯುತ್ತೆ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕೈಕೆಲಸದ ಕಡೆ ಒಲವಿರುವವನಿಗೆ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾ ಇದೆ. ಇವುಗಳಿಗೆಲ್ಲ ಅರ್ಜಿಯ ದಾರಿ ಬೇರೆ, ಕೆಲವಕ್ಕೆ ಪರೀಕ್ಷೆಯೇ ಬೇರೆ, ತಾರೀಕೂ ಬೇರೆ. ಆ ತಾರೀಕುಗಳು ಪತ್ರಿಕೆಯ ಮೂಲೆಯಲ್ಲಿ ಬಂದು ಹೋಗುತ್ತವೆ. ನಮ್ಮ ಹಾಸ್ಟೆಲ್ಲಿನ ನೋಟೀಸ್ ಬೋರ್ಡಿನಲ್ಲಿ ಮಾತ್ರ ಊಟದ ಪಟ್ಟಿ ಇರುತ್ತೆ.

ಬಾಬಾಸಾಹೇಬರಿಗೇ ಏನಾಯಿತು ನೋಡಿ. ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಓದುವ ಆಸೆ ಇತ್ತು. ಅಸ್ಪೃಶ್ಯರ ಹುಡುಗನಿಗೆ ಸಂಸ್ಕೃತ ಹೇಳಿಕೊಡಲು ಮೇಷ್ಟ್ರು ಒಪ್ಪಲಿಲ್ಲ. ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಮುಂದೆ ತಾವೇ ಕೂತು ಸಂಸ್ಕೃತ ಕಲಿತರು, ಅದು ಬೇರೆ ಮಾತು. 1913ರಲ್ಲಿ ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ಪಿನಲ್ಲಿ ಕೊಲಂಬಿಯಾಕ್ಕೆ ಹೋದಾಗ ಅರ್ಥಶಾಸ್ತ್ರ ಹಿಡಿದರು, ಜೊತೆಗೆ ಸಮಾಜಶಾಸ್ತ್ರ, ಇತಿಹಾಸ. ಒಮ್ಮೆ ಇಷ್ಟವನ್ನು ಕಿತ್ತುಕೊಂಡಿದ್ದರು, ಎರಡನೇ ಸಲ ಅವಕಾಶ ಸಿಕ್ಕಾಗ ಬಿಟ್ಟುಕೊಡಲಿಲ್ಲ. ಇವತ್ತು ಯಾವ ಮೇಷ್ಟ್ರೂ ‘ನಿನಗೆ ಈ ವಿಷಯ ಇಲ್ಲ’ ಅಂತ ಬಾಯಿಬಿಟ್ಟು ಹೇಳುವಂತಿಲ್ಲ. ‘ನಿನಗ್ಯಾಕಪ್ಪಾ ಈ ತೊಂದರೆ’ ಅನ್ನುತ್ತಾರೆ.

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಇದನ್ನು ಬಿಡಿಸಿ ಹೇಳುತ್ತೇವೆ, ಯಾಕೆಂದರೆ ನಮ್ಮವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಸಿಇಟಿ ಕಂಪ್ಯೂಟರು ಮೇಲಿನ ರ‍್ಯಾಂಕಿನಿಂದ ಶುರುಮಾಡಿ ಒಬ್ಬೊಬ್ಬರ ಪಟ್ಟಿಯನ್ನು ತೆಗೆಯುತ್ತೆ. ನಿನ್ನ ಸರದಿ ಬಂದಾಗ ನೀನು ಮೊದಲು ಬರೆದ ಕಾಲೇಜಿನಲ್ಲಿ ನಿನಗೆ ಸಲ್ಲುವ ಸೀಟು ಉಳಿದಿದೆಯಾ ಅಂತ ನೋಡುತ್ತೆ. ಇದ್ದರೆ ಅದು ನಿನ್ನದು. ಇಲ್ಲವಾದರೆ ಎರಡನೆಯದು, ಆಮೇಲೆ ಮೂರನೆಯದು. ‘ದೊಡ್ಡ ಕಾಲೇಜು ಮೇಲೆ ಬರೆದ್ರೆ ಸಿಗೋದೂ ಹೋಗ್ಬುಡ್ತದೆ’ ಅಂತ ಹಾಸ್ಟೆಲ್ಲಿನಲ್ಲಿ ಒಂದು ಮಾತು ಓಡಾಡುತ್ತೆ. ಇದು ಸುಳ್ಳು. ಮೊದಲ ಸಾಲಿನಲ್ಲಿ ಕಷ್ಟದ ಕಾಲೇಜು ಬರೆದ ಮಾತ್ರಕ್ಕೆ ಐದನೇ ಸಾಲಿನ ಸೀಟು ನಿನ್ನ ಕೈ ತಪ್ಪುವುದಿಲ್ಲ. ಆದರೆ ಹೆದರಿಕೊಂಡು ಹತ್ತಿರದ ಕಾಲೇಜನ್ನು ಮೊದಲ ಸಾಲಿನಲ್ಲಿ ಬರೆದರೆ, ನಿನ್ನ ರ‍್ಯಾಂಕಿಗೆ ಅದಕ್ಕಿಂತ ಒಳ್ಳೆಯದು ಸಿಗುವಂತಿದ್ದರೂ ಕಂಪ್ಯೂಟರು ಹತ್ತಿರದ್ದನ್ನೇ ಕೊಟ್ಟು ಮುಂದಕ್ಕೆ ಹೋಗುತ್ತೆ. ನೀನು ಕೇಳಿದ್ದೇ ಅದಲ್ಲವೇ! ಆದ್ದರಿಂದ ಮನಸ್ಸಿನಲ್ಲಿ ನಿಜವಾಗಿ ಯಾವುದು ಮೊದಲಿದೆಯೋ ಅದನ್ನೇ ಮೊದಲು ಬರೆಯಿರಿ. ಕೆಳಗೆ ಮಾತ್ರ ಧಾರಾಳವಾಗಿ ಬರೆಯಿರಿ. ಮೂರೇ ಕಾಲೇಜು ಬರೆದು ಏನೂ ಸಿಗದೆ ಕೂತವರನ್ನು ನಾವು ನೋಡಿದ್ದೇವೆ.

ಇನ್ನೊಂದು ತಪ್ಪು ತಿಳುವಳಿಕೆ, ನಮ್ಮವರಿಗೆ ಸಿಗುವುದು ನಮ್ಮ ಮೀಸಲಾತಿ ಸೀಟು ಮಾತ್ರ ಅನ್ನುವುದು. ರ‍್ಯಾಂಕು ಸಾಕಾದರೆ ಸಾಮಾನ್ಯ ಸೀಟಿಗೂ ನಾವು ಹಕ್ಕುದಾರರೇ. ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದಿದವರಿಗೆ 15 ಶೇಕಡ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಶೇಕಡ ಸೀಟುಗಳು ಪ್ರತಿ ವರ್ಗದೊಳಗೂ ಇವೆ. ಅದಕ್ಕೆ ಶಾಲೆಯಿಂದ ಬರೆಸಿ ಬಿಇಓ ರುಜು ಹಾಕಿಸಿದ ಪತ್ರ ಬೇಕು. ದೊಡ್ಡೇರಿ ಕಡೆಯ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಈ ಎರಡೂ ಸಲ್ಲುತ್ತವೆ. ಆದರೂ ಪತ್ರವಿಲ್ಲದೆ ಹೋಗಿ ನಿಲ್ಲುತ್ತಾರೆ. ಇದರಲ್ಲೂ ಒಂದು ವಿಪರ್ಯಾಸ ಇದೆ: ಹಳ್ಳಿಯಿಂದ ಪಟ್ಟಣದ ಹಾಸ್ಟೆಲ್ಲಿಗೆ ಸೇರಿ ಎಂಟನೇ ಕ್ಲಾಸಿನಿಂದ ಅಲ್ಲೇ ಓದಿದ ಹುಡುಗನಿಗೆ ಗ್ರಾಮೀಣ ಮೀಸಲಾತಿ ಇಲ್ಲ. ಅವನ ಅವ್ವ ಇನ್ನೂ ಹಳ್ಳಿಯಲ್ಲೇ ಕಡ್ಲೇಕಾಯಿ ಬಿಡಿಸುತ್ತಿದ್ದರೂ ಅವನು ಪಟ್ಟಣದವನು!

ಸೀಟು ಹಂಚಿಕೆ ಆದ ಮೇಲೆ ನಾಲ್ಕು ದಾರಿ ತೋರಿಸುತ್ತಾರೆ. ಒಂದನೆಯದು, ಸಿಕ್ಕಿದ್ದು ಸಾಕು, ಸೇರುತ್ತೇನೆ. ಎರಡನೆಯದು, ಇದು ಇರಲಿ, ಮೇಲಿನದು ಸಿಕ್ಕರೆ ಅದನ್ನು ಕೊಡಿ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬಿಡಿ. ನಾಲ್ಕನೆಯದು, ನಾನು ಹೊರಗೆ ಹೋಗುತ್ತೇನೆ. ಮೂರನ್ನು ಒತ್ತಿದವನಿಗೆ ಕೈಯಲ್ಲಿದ್ದದ್ದೂ ಹೋಯಿತು. ನಾಲ್ಕನ್ನು ಒತ್ತಿದವನ ಕತೆ ಮುಗಿಯಿತು. ಆ ವರ್ಷದ ಶುಲ್ಕದ ನಿಯಮ ಓದಿಕೊಳ್ಳದೆ, ಬೇರೆಯವರ ಕೈಯಲ್ಲಿ ಈ ಗುಂಡಿ ಒತ್ತಿಸಬೇಡಿ. ನಿಮ್ಮ ಪಾಸ್‌ವರ್ಡು ನಿಮ್ಮ ಹತ್ತಿರವೇ ಇರಲಿ. ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಅಂತ ಒಂದನ್ನು ತೋರಿಸುತ್ತಾರೆ, ಅದನ್ನು ನೋಡಿ ಪಟ್ಟಿಯನ್ನು ಮತ್ತೆ ತಿದ್ದಬಹುದು. ತಿದ್ದುವವರು ಕಡಿಮೆ, ಮತ್ತೆ ಅಂಗಡಿಗೆ ಹೋದರೆ ಮತ್ತೆ ದುಡ್ಡು.

ಸರಿಯಾದ ಕಾಲೇಜು ಅಂದರೆ ಯಾವುದು? ಕಟ್ಟಡ ನೋಡಿ ಹೇಳುವ ಮಾತಲ್ಲ. ಹೋಗಿ ಎರಡನೇ ವರ್ಷದ ಹುಡುಗರನ್ನು ಕೇಳಿ: ಪಾಠ ಯಾರು ಮಾಡುತ್ತಾರೆ? ವರ್ಷಪೂರ್ತಿ ಮಾಡುತ್ತಾರಾ? ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿದ್ದವು. 2023ರ ಕೊನೆಯಲ್ಲಿ ಅವರು ಖಾಯಂ ಮಾಡಿ ಅಂತ ತರಗತಿ ಬಿಟ್ಟು ಧರಣಿ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಅವರ ಬೇಡಿಕೆ ನ್ಯಾಯವಾದದ್ದು. ನಷ್ಟ ಮಾತ್ರ ಬೇರೆ ಕಡೆ ಟ್ಯೂಷನ್ ಇಲ್ಲದ ನಮ್ಮ ಮಕ್ಕಳದ್ದು. ಇನ್ನೊಂದು ಪ್ರಶ್ನೆಯನ್ನು ಮೆಲ್ಲಗೆ ಕೇಳಿ: ನಮ್ಮವರಿಗೆ ಅವಮಾನವಾದರೆ ಅಲ್ಲಿ ಜೊತೆಗೆ ನಿಲ್ಲುವವರು ಇದ್ದಾರಾ? 2016ರ ಜನವರಿ 17ರಂದು ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಪ್ರಾಣ ಬಿಟ್ಟ. ಹೆಸರಾಂತ ಸಂಸ್ಥೆ, ಅವನಿಗೆ ಇಷ್ಟವಾದ ವಿಜ್ಞಾನ, ಎಲ್ಲ ಇತ್ತು.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೊಡ್ಡೇರಿಯ ಹುಡುಗಿ ಟಿಕೇಟಿಗೆ ಕಾಸಿಲ್ಲದೆ ತುಮಕೂರಿಗೆ ಹೋಗಬಲ್ಲಳು. ಅದು ಸಣ್ಣದೇನಲ್ಲ. ಆದರೆ ಲ್ಯಾಬು ಮುಗಿಸಿ ಸಂಜೆ ಮಧುಗಿರಿಗೆ ಬಂದಿಳಿದವಳಿಗೆ ಹಳ್ಳಿಯ ಕಡೆ ಬಸ್ಸು ಸಿಗಬೇಕಲ್ಲ? ‘ಕತ್ತಲಾದ್ಮೇಲೆ ಬರೋ ಓದು ಬ್ಯಾಡ’ ಅನ್ನುತ್ತಾರೆ ಮನೆಯಲ್ಲಿ. ಬಿ.ಎಸ್ಸಿ. ಹೋಗಿ ಬಿ.ಎ. ಆಗುವುದು ಹೀಗೆ. ಬಿ.ಎ. ಕೀಳು ಅಂತ ನಾವು ಹೇಳುತ್ತಿಲ್ಲ. ಮಂಚನಬೆಲೆಯಿಂದ ಬಂದು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರು ಕನ್ನಡ ಎಂ.ಎ. ಮಾಡಿದವರು. ‘ಊರುಕೇರಿ’ ಓದದ ಹಾಸ್ಟೆಲ್ ಹುಡುಗ ಇರಬಾರದು. ಕನ್ನಡ ಬೇಕು ಅಂತ ಕನ್ನಡ ತೆಗೆದುಕೊಳ್ಳುವುದಕ್ಕೂ, ಬಸ್ಸಿಲ್ಲ ಅಂತ ಕನ್ನಡ ತೆಗೆದುಕೊಳ್ಳುವುದಕ್ಕೂ ಅಜಗಜಾಂತರ.

ಇನ್ನು ಹಾಸ್ಟೆಲ್. ಕಾಲೇಜಿನ ಸೀಟು ಒಪ್ಪಿಕೊಳ್ಳಲು ಸಿಗುವುದು ಬೆರಳೆಣಿಕೆಯ ದಿನ. ಮೆಟ್ರಿಕ್ ನಂತರದ ಹಾಸ್ಟೆಲಿನ ಆಯ್ಕೆ ಪಟ್ಟಿ ಬರುವುದು ಕಾಲೇಜಿಗೆ ಸೇರಿ, ಪಾಠ ಶುರುವಾದ ಮೇಲೆ. ಆ ನಡುವಿನ ವಾರಗಳಲ್ಲಿ ಹುಡುಗ ಎಲ್ಲಿ ಮಲಗಬೇಕು? ನೆಂಟರ ಮನೆಯಲ್ಲಿ, ಸೀನಿಯರ್ ರೂಮಿನಲ್ಲಿ ಕಳ್ಳನ ಹಾಗೆ. ಇಲ್ಲವಾದರೆ ಪಾವಗಡದವನು ಪಾವಗಡದಲ್ಲೇ, ಮಧುಗಿರಿಯವನು ಮಧುಗಿರಿಯಲ್ಲೇ ಉಳಿದುಬಿಡುತ್ತಾನೆ. ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಈ ದೇಶದಲ್ಲಿ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿದ್ದಾಗ. ಎಂಬತ್ತು ವರ್ಷ ದಾಟಿತು. ಇವತ್ತಿಗೂ ಸ್ಕಾಲರ್‌ಶಿಪ್ ಮೊದಲು ಬರುವುದಿಲ್ಲ, ಕಾಲೇಜಿನ ಫೀಜು ಚೀಟಿ ಮೊದಲು ಬರುತ್ತೆ.

ನಮ್ಮ ಬೇಡಿಕೆ ಸರಳವಾದದ್ದು. ಕಾಲೇಜಿನ ಸೀಟು ಹಂಚುವ ದಿನವೇ ಆ ಊರಿನ ಹಾಸ್ಟೆಲ್ ಸೀಟನ್ನೂ ಗೊತ್ತು ಮಾಡಬೇಕು. ಜಾತಿ, ಆದಾಯ, ರ‍್ಯಾಂಕು ಎಲ್ಲ ಕಂಪ್ಯೂಟರಿನಲ್ಲೇ ಇರುವಾಗ ಇದು ಆಗದ ಕೆಲಸವೇನಲ್ಲ. 2013ರ ವಿಶೇಷ ಘಟಕ ಯೋಜನೆ ಕಾಯ್ದೆ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮಗೇ ಖರ್ಚಾಗಬೇಕು. ಹಾಸ್ಟೆಲ್ ಸಾಲದು ಅನ್ನುವವರು ಆ ಲೆಕ್ಕ ತೆಗೆದು ತೋರಿಸಲಿ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರಲಾಗುವುದಿಲ್ಲ. ಕಾಲೇಜು ಮುಗಿಸಿದ ನಮ್ಮ ಹುಡುಗರು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದಲ್ಲಿ ಇದ್ದಾರೆ. ಮೆರವಣಿಗೆಗೆ ಕರೆದರೆ ಬರುತ್ತಾರೆ. ಈ ಸಲ ಅವರನ್ನು ಮೇ, ಜೂನ್‌ನಲ್ಲಿ ಹಾಸ್ಟೆಲ್ಲಿಗೆ ಕರೆಯುತ್ತಿದ್ದೇವೆ, ತಮ್ಮ ಕಾಲೇಜಿನ ಒಳಗುಟ್ಟು ಹೇಳುವುದಕ್ಕೆ, ಮೊಬೈಲಿನಲ್ಲಿ ಪಟ್ಟಿ ತುಂಬುವಾಗ ಪಕ್ಕದಲ್ಲಿ ಕೂರುವುದಕ್ಕೆ. ಪಟ್ಟಿಯನ್ನು ಅವರು ಬರೆಯುವುದಿಲ್ಲ, ನಾವೂ ಬರೆಯುವುದಿಲ್ಲ.

ಈ ಸಂಚಿಕೆಯ ಕೊನೆಯ ಪುಟವನ್ನು ಅದಕ್ಕೇ ಖಾಲಿ ಬಿಟ್ಟಿದ್ದೇವೆ. ಹರಿದುಕೊಂಡು, ಪೆನ್ಸಿಲ್ಲಿನಲ್ಲಿ ನಿಮಗೆ ಬೇಕಾದ ಓದು ಯಾವುದು ಅಂತ ಮೊದಲು ಬರೆಯಿರಿ, ಕಾಲೇಜಿನ ಹೆಸರು ಆಮೇಲೆ. ಅಪ್ಪ ಅವ್ವನಿಗೆ ಓದಿ ಹೇಳಿ. ಅವರು ಏನಂದರು ಅನ್ನುವುದನ್ನೂ ಕೆಳಗೆ ಬರೆದುಕೊಂಡು ಭಾನುವಾರ ಹಾಸ್ಟೆಲ್ ಹತ್ತಿರ ತನ್ನಿ. ರಬ್ಬರು ನಾವು ತರುತ್ತೇವೆ.