ಲ್ಯಾವೆಂಡರ್ ಮುಟ್ಟದ ನೋವು

ಗರ್ಭ ತಡೆಯುವ ವಂಕಿ ಹಾಕಿಸಿಕೊಳ್ಳಲು ಬಂದ ಹೆಂಗಸರಿಗೆ ಲ್ಯಾವೆಂಡರ್ ಎಣ್ಣೆಯ ವಾಸನೆ ತೋರಿಸಿ ನೋಡಿದ ಇರಾನಿನ ಪ್ರಯೋಗವೊಂದು 2012ರಲ್ಲಿ ಪ್ರಕಟವಾಗಿತ್ತು. ಮೊನ್ನೆ ಓದಿದಾಗಿನಿಂದ ಅದು ತಲೆ ಕೊರೆಯುತ್ತಿದೆ. ಮೂಸಿದವರ ಆತಂಕ ಇಳಿಯಿತು. ನೋವಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಲಿನಲೂಲ್ ಎಂಬ ಘಮದ ರಾಸಾಯನಿಕವೊಂದಿದೆ. ಲ್ಯಾವೆಂಡರಿನ ಪರಿಮಳದಲ್ಲಿ ದೊಡ್ಡ ಪಾಲು ಅದರದು. ನಮ್ಮ ಕೊತ್ತಂಬರಿ ಬೀಜದ ಎಣ್ಣೆಯಲ್ಲೂ ಅದೇ ಮುಖ್ಯ, ಮಲ್ಲಿಗೆಯಲ್ಲೂ ಉಂಟು. ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳಿಗೆ ಬರೀ ಇದರ ವಾಸನೆ ತೋರಿಸಿದರು. ಇಲಿಗಳ ಅಂಜಿಕೆ ತಗ್ಗಿತು. ಘ್ರಾಣಶಕ್ತಿ ಇಲ್ಲದಂತೆ ಮಾಡಿದ ಇಲಿಗಳಲ್ಲಿ ತಗ್ಗಲಿಲ್ಲ. ಅಂದರೆ ಕೆಲಸ ನಡೆದದ್ದು ಮೂಗಿನ ದಾರಿಯಲ್ಲೇ. ಆತಂಕದ ಮಾತ್ರೆಗಳಾದ ಬೆಂಜೊಡಯಜೆಪಿನ್‌ಗಳನ್ನು ತಡೆಯುವ ಫ್ಲುಮಜೆನಿಲ್, ಈ ಪರಿಣಾಮವನ್ನೂ ತಡೆಯಿತು. ಕಣ್ಣು ಕಿವಿಗಳ ಸುದ್ದಿ ಮಿದುಳಿನ ಥಲಾಮಸ್ ಹಾದು ಹೋಗಬೇಕು. ವಾಸನೆಗೆ ಆ ಸುತ್ತುದಾರಿಯಿಲ್ಲ, ಭಯವನ್ನು ನೋಡಿಕೊಳ್ಳುವ ಅಮಿಗ್ಡಲಕ್ಕೆ ಅದು ನೇರ ಹೋಗುತ್ತದೆ.

ಇಷ್ಟು ಬರೆದರೆ ಸಾಕು, 'ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು' ಎಂಬ ಸಂದೇಶಗಳು ಬರತೊಡಗುತ್ತವೆ. ನನಗೆ ಸಹಿಸಲಾಗದ ಮಾತು ಇದು. ಕೊತ್ತಂಬರಿಯ ಘಮ ಗೊತ್ತಿರುವುದು ಬೇರೆ. ಆ ಘಮ ಎಲ್ಲಿ ಹೊಕ್ಕು ಏನು ಮಾಡುತ್ತದೆಂದು ಪರೀಕ್ಷಿಸಿ ತೋರಿಸುವುದು ಬೇರೆ.

ಆದರೆ ಇಲ್ಲಿಗೆ ಬರುವಷ್ಟರಲ್ಲಿ, ಕೇಳಬೇಕಾದ ಪ್ರಶ್ನೆ ಪರಿಮಳದ್ದೇ ಅಲ್ಲ ಅನ್ನಿಸುತ್ತಿದೆ. ವಂಕಿ ಹಾಕುವಾಗ ಗರ್ಭಕೊರಳನ್ನು ಕೊಕ್ಕೆಮೊನೆಯ ಇಕ್ಕಳದಿಂದ ಹಿಡಿದೆಳೆದು, ಗರ್ಭಕೋಶದ ಆಳ ಅಳೆಯಲು ಕಡ್ಡಿ ತೂರಿಸುತ್ತಾರೆ. ಕೆಲವರಿಗೆ ಅದು ಮುಟ್ಟಿನ ನೋವಿನಷ್ಟು, ಇನ್ನು ಕೆಲವರಿಗೆ ಕಣ್ಣು ಕತ್ತಲೆ ಬರುವಷ್ಟು. ಅವರು ಹೆದರುವುದೇ ಆ ನೋವಿಗೆ. ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದು 1846ರಲ್ಲಿ. ವಂಕಿ ಹಾಕುವಾಗ ಲಿಡೊಕೇನ್‌ನಿಂದ ಮರಗಟ್ಟಿಸುವುದು ನೆರವಾಗಬಹುದು, ನೋವಿನ ಬಗ್ಗೆ ಮೊದಲೇ ಮಾತಾಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಸೂಚನೆಗಳಲ್ಲಿ ಒತ್ತಿ ಹೇಳಿದ್ದು 2024ರಲ್ಲಿ. ನಮ್ಮಲ್ಲಿ ಇಂದಿಗೂ ಕಿವಿಗೆ ಬೀಳುವುದು 'ಸ್ವಲ್ಪ ತಡ್ಕೊಳ್ಳಮ್ಮ' ಎಂಬ ಮಾತೇ.

ಪರಿಮಳ ಇರಲಿ, ಖರ್ಚು ಕಡಿಮೆ, ಮನಸ್ಸಿಗೆ ಹಿತ. ಆದರೆ ಲ್ಯಾವೆಂಡರ್ ಮೂಸಿಸುವ ಕೋಣೆಯಲ್ಲಿ ಲಿಡೊಕೇನೂ ಇರಬೇಕು, ಬೇಕೇ ಎಂದು ಕೇಳಬೇಕು, 'ನಿಲ್ಲಿಸಿ' ಎಂದರೆ ಕೈ ನಿಲ್ಲಬೇಕು. ಸುಮ್ಮನೆ ಮಲಗಿದವಳಿಗೆ ನೋವಿಲ್ಲವೆಂದು ತಿಳಿಯುವುದು ಬಹಳ ಸುಲಭ. ಆತಂಕ ಇಳಿಸಿದ ಮೇಲೆ ನೋವನ್ನು ಇನ್ನಷ್ಟು ವಿಚಾರಿಸಬೇಕಾದದ್ದು ಅದಕ್ಕಾಗಿಯೇ.