ಮಗಳ ಹೆಸರು, ಊರ ಮಂದಿಯ ಕಣ್ಣು



ಹೋದ ವಾರ ಸಂಜೆ ಗಾಂಧಿ ಚೌಕಕ್ಕೆ ಕಾಯಿಪಲ್ಲೆಗೆಂದು ಹೋಗಿದ್ದೆ. ಮೆಂತ್ಯೆ ಸೂಡು ಹಿಡಿದು ಚೌಕಾಸಿ ಮಾಡುತ್ತಿದ್ದಾಗಲೇ ಅತ್ತೆಯವರ ಫೋನು. "ಎಲ್ಲಿದ್ದೀಯವಾ? ಚೌಕದಾಗ ಬೆಂಕಿ ಹತ್ತೇತಂತ, ಲಗು ಮನಿಗಿ ಬಾ!" ಸುತ್ತ ನೋಡಿದೆ. ಭಜಿ ಕರಿಯುವವನ ಒಲೆ ಬಿಟ್ಟರೆ ಎಲ್ಲೂ ಬೆಂಕಿಯಿಲ್ಲ.

ಮನೆಗೆ ಬಂದು ವಿಚಾರಿಸಿದರೆ, ಆ ಸುದ್ದಿ ಹಾಕಿದವಳು ನನ್ನ ಮಗಳೇ! ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಯಾರೋ ಕಳಿಸಿದ ವಿಡಿಯೋ, ಎಲ್ಲರಿಗಿಂತ ಮೊದಲು ಹಾಕುವ ಆತುರ. ಆಮೇಲೆ ಅದರ ಚಿತ್ರವನ್ನು ಗೂಗಲ್ ಲೆನ್ಸಿಗೆ ತೋರಿಸಿದಳು. ಯಾವುದೋ ಬೇರೆ ರಾಜ್ಯದ ಹಳೆಯ ಬೆಂಕಿ ಅದು.

"ಅವ್ವಾ, ಅಳಿಸಿಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

"ನೋಡಿದವರ ತಲಿಯಾಗಿಂದ ಅಳಸಾಕ ಬರ್ತೈತೇನು?" ಅಂದೆ.

2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನಿಮಗೂ ನೆನಪಿರಬೇಕು. ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರ ಊರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹಬ್ಬಿಸಿದರು. ಜನ ಸೇರಿ ಹೊಡೆದರು, ಹೈದರಾಬಾದಿನ ತರುಣನೊಬ್ಬ ಸತ್ತೇಹೋದ. ಸಂದೇಶ ಮುಂದೆ ಕಳಿಸಿದವರು ಒಂದು ಬೆರಳು ಒತ್ತಿದ್ದರು, ಅಷ್ಟೇ.

ಆ ರಾತ್ರಿ ಮಗಳು ವಿಡಿಯೋ ತೆಗೆದಳು. ಅದೇ ಜಾಗದಲ್ಲಿ, "ಇದು ಗಾಂಧಿ ಚೌಕದ್ದಲ್ಲ, ವಿಚಾರಿಸದೆ ಹಾಕಿದ್ದು ನನ್ನ ತಪ್ಪು" ಎಂದು ಹೆಸರು ಹಾಕಿಯೇ ಬರೆದಳು. ಗೆಳತಿಯರು ನಕ್ಕರಂತೆ. ನಗಲಿ ಬಿಡಿ.

ಮನೆಯಲ್ಲಿ ಬೇರೆಯೇ ರಂಪ. "ಹೆಸರೂ ಬ್ಯಾಡ, ಫೋಟೋನೂ ಬ್ಯಾಡ. ನಾಳೆ ಬೀಗರು ನೋಡಿದ್ರ ಏನಂದಾರು?" ಅಂತ ಅತ್ತೆ, ಅವರ ಹಿಂದೆ ನಮ್ಮ ಮನೆಯವರು. ನಿಜ ಹೇಳಲೇ? ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಆದರೆ ವರದಿಗಾರ್ತಿ ಆಗುವವಳು ಹೆಸರು ಮುಚ್ಚಿಟ್ಟರೆ ಕೆಲಸ ಕೊಡುವವರು ಏನನ್ನು ನೋಡಿ ಕೊಡಬೇಕು? ಬಾಲವಿಧವೆಯಾದ ನಂಜನಗೂಡು ತಿರುಮಲಾಂಬಾ ನೂರು ವರ್ಷದ ಹಿಂದೆಯೇ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದ್ದನ್ನು ಹೇಳಿದೆ. "ಆಕಿ ಕಾಲಕ್ಕ ಈ ಫೋನ್ ಇದ್ದಿಲ್ಲಲ್ಲ" ಅಂದರು ಅತ್ತೆ! ಅದೂ ಖರೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹೆಸರು ಮತ್ತು ಒಂದು ಸಾದಾ ಫೋಟೋ ಇರಲಿ. ಫೋನ್ ನಂಬರು, ಮನೆಯ ವಿಳಾಸ, ಲಗ್ನದ ಫೋಟೋಗಳು, "ಈಗ ಇಲ್ಲಿದ್ದೇನೆ" ಎಂಬುದು ಬೇಡ. ಎಂಟನೇ ಇಯತ್ತೆಯಿಂದ ಹಾಕಿದ್ದನ್ನೆಲ್ಲ ಒಂದು ಭಾನುವಾರ ಕೂತು ತಿರುವಿದಳು. ಮಾಸ್ತರರನ್ನು ಅಣಕಿಸಿದ್ದು, ಯಾರದೋ ಜಗಳದಲ್ಲಿ ಬಾಯಿ ಹಾಕಿದ್ದು ಎಲ್ಲ ಹೊರಬಿತ್ತು. ಈಗ ಪುಟ ತೆರೆದರೆ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಮಾತಾಡಿಸಿ ಬರೆದ ವರದಿ ಮೊದಲಿಗೆ ಕಾಣುತ್ತದೆ.

ಹೆಸರಿದ್ದ ಮೇಲೆ ಹೊಲಸು ಸಂದೇಶಗಳೂ ಬರುತ್ತವೆ. ಗಾಬರಿಯಲ್ಲಿ ಅಳಿಸಬಾರದು. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆಮೇಲೆ ಬ್ಲಾಕ್ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ ದೂರಿಗೆ ಬೇರೆ ವಿಭಾಗವೇ ಇದೆ. ದುಡ್ಡಿನ ಮೋಸವಾದರೆ 1930ಕ್ಕೆ ಫೋನ್ ಮಾಡಬೇಕು. ತಾಯಂದಿರೇ, ಮಗಳು ಇಂಥದ್ದು ಹೇಳಲು ಬಂದಾಗ ದಯವಿಟ್ಟು ಅವಳ ಫೋನು ಕಸಿಯಬೇಡಿ. ಕಸಿದರೆ ಮತ್ತೊಮ್ಮೆ ಹೇಳಲು ಬರುವುದಿಲ್ಲ.

ಅತ್ತೆಯವರಿಗೆ ಬರುವ ಔಷಧಿಯ ಸಂದೇಶಗಳೂ ಈಗ ಮೊದಲು ಮೊಮ್ಮಗಳ ಮುಂದೆ ಹಾಜರಾಗುತ್ತವೆ. ನಿನ್ನೆ ಹಾಗಲಕಾಯಿ ರಸದ್ದೊಂದು ಬಂದಿದೆ, ತೀರ್ಪು ಇನ್ನೂ ಆಗಿಲ್ಲ.