ಓಡುವ ಮೊದಲು ನಿಲ್ಲಬೇಕು

ಮಕ್ಕಳೇ, ಬ್ರಹ್ಮಾವರದ ನಮ್ಮ ಮನೆಯ ಹಿಂದೆ ಒಂದು ಹಳೆಯ ಕೊಟ್ಟಿಗೆ ಇದೆ. ಅದರಲ್ಲಿ ದನಗಳಿಲ್ಲದೆ ಬಹಳ ವರ್ಷವಾಯಿತು. ಈಗ ಅಲ್ಲಿರುವುದು ಕಟ್ಟಿಗೆ, ತೆಂಗಿನ ಸಿಪ್ಪೆ, ಮುರಿದ ಏಣಿ. ಇವೆಲ್ಲದರ ನಡುವೆ ನನ್ನ ಅಪ್ಪಯ್ಯನ ಕಾರು. 1964ರ ಅಂಬಾಸಿಡರ್, ಮಾರ್ಕ್ 2. ಹನ್ನೊಂದು ವರ್ಷ ಅದು ನಿಂತಲ್ಲಿಂದ ಅಲುಗಿರಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಗುಜರಿಯವನು ಬಂದು ಒಂದು ಸುತ್ತು ಹಾಕಿ ನೋಡಿದ. "ತೂಕಕ್ಕೆ ಎಷ್ಟ್ ಆತ್ತೋ ಅಷ್ಟ್ ಕೊಡ್ತೆ" ಅಂದ. ನಮ್ಮ ಮನೆಯವಳಿಗೂ ಅದೇ ಸರಿ ಕಂಡಿತು. "ಮಳಿಗಾಲಕ್ ಮುಂಚೆ ಒಂದೋ ಅದನ್ ಓಡ್ಸಿ, ಇಲ್ದಿರೆ ಕೊಟ್ಬಿಡಿ. ಕಟ್ಗಿ ಇಡುಕೆ ಜಾಗ ಇಲ್ಲೆ" ಅಂತ ಗಡುವು ಕೊಟ್ಟಳು. ಆಗ ಎಂಟನೇ ಕ್ಲಾಸಿನ ಮೊಮ್ಮಗಳು ಧೂಳು ಹಿಡಿದ ಗಾಜಿನ ಮೇಲೆ ಬೆರಳಿನಿಂದ 'ಕೊಡುವುದಿಲ್ಲ' ಎಂದು ಬರೆದಳು. ಕೆಲಸ ಶುರುವಾದದ್ದು ಹಾಗೆ.

ಈ ಕಾರು ಬ್ರಿಟಿಷರದ್ದೋ ನಮ್ಮದೋ ಎಂದು ಅವಳು ಕೇಳಿದಳು. ಎರಡೂ ಹೌದು. ಇದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆಕ್ಸ್‌ಫರ್ಡ್ ಊರಿಗೆ ತಾಗಿದ ಕೌಲಿ ಎಂಬಲ್ಲಿ ಮಾರಿಸ್ ಕಾರ್ಖಾನೆ ಇತ್ತು. 1942ರಲ್ಲಿ ಹುಟ್ಟಿದ ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಆ ಕಾರನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ಇಂಗ್ಲೆಂಡಿನಲ್ಲಿ ಆ ಆಕ್ಸ್‌ಫರ್ಡ್ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ನಮ್ಮಲ್ಲಿ ಅದೇ ಆಕಾರ 2014ರ ತನಕ ಬಾಳಿತು. ನಿಮ್ಮ ಅಜ್ಜಯ್ಯನನ್ನು ಕೇಳಿ, ಕುಂದಾಪುರದಿಂದ ಕೊಲ್ಲೂರಿಗೆ ಅಂಬಾಸಿಡರ್ ಟ್ಯಾಕ್ಸಿಯಲ್ಲಿ ಎಷ್ಟು ಜನ ಕೂತು ಹೋದದ್ದೆಂದು. ಗೇರ್ ಹಿಡಿ ಸ್ಟಿಯರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನ ಉದ್ದ ಸೀಟಿನಲ್ಲೇ ಮೂರು ಜನ, ಅವರ ತೊಡೆಯ ಮೇಲೆ ಇಬ್ಬರು ಮಕ್ಕಳು!

ಮೊದಲು ತುಕ್ಕು ಹುಡುಕಿದೆವು. ನಮ್ಮದು ಕಡಲ ಕರೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿ ಒಮ್ಮೆ ಹೋಗಿಬಂದರೆ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ ಕಾಣುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಹಿಡಿದಿಡುತ್ತದೆ. ಉಪ್ಪುನೀರು ತಾಗಿದ ಕಬ್ಬಿಣ ಬರಿಯ ನೀರು ತಾಗಿದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ಚೆನ್ನಾಗಿದೆ ಎಂದು ನಂಬಬಾರದು. ನೆಲದ ಮ್ಯಾಟ್ ಎತ್ತಿ ನೋಡಬೇಕು, ಬಾಗಿಲ ಅಡಿ ನೋಡಬೇಕು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ ನೋಡಬೇಕು. ಬಾಗಿಲಿನ ಕೆಳಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿ ಅವು ಮುಚ್ಚಿಹೋದರೆ ಮಳೆನೀರು ಒಳಗೇ ನಿಂತು ಬಾಗಿಲನ್ನು ತಿನ್ನುತ್ತದೆ. ಪುಟ್ಟಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದಳು. ಗಟ್ಟಿ ತಗಡು 'ಟಣ್' ಎನ್ನುತ್ತದೆ, ಕೊಳೆತದ್ದು 'ಡಬ್' ಎನ್ನುತ್ತದೆ. ಚಾಲಕನ ಕಾಲ ಬುಡದಲ್ಲಿ 'ಡಬ್' ಎಂದಿತು. ಒತ್ತಿದರೆ ನೆಲ ಕಂಡಿತು.

ಇದು ಸಣ್ಣ ವಿಷಯವಲ್ಲ. ಲಾರಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಅಂಬಾಸಿಡರಿಗೆ ಹಾಗಿಲ್ಲ, ಅದರ ಮೈಯೇ ಅದರ ಎಲುಬು. ನೆಲ ಮತ್ತು ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಇಡೀ ಕಾರಿನ ಬಲ ಹೋಗುತ್ತದೆ. ಅಲ್ಲಿ ಪುಟ್ಟಿ ಮೆತ್ತಿ (ಮೊಮ್ಮಗಳಲ್ಲ, ಬಣ್ಣದವರ ಪುಟ್ಟಿ!) ಬಣ್ಣ ಬಳಿದರೆ ಮೋಸ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಬೇಕು. ಆ ಕೆಲಸಕ್ಕೆ ವೆಲ್ಡಿಂಗ್ ಮೇಸ್ತ್ರಿಯನ್ನೇ ಕರೆದೆವು.

ನಟ್ಟು ಬಿಚ್ಚುವಾಗ ಇನ್ನೊಂದು ಪಾಠ. ಈಗಿನ ಸ್ಪ್ಯಾನರುಗಳು ಮಿಲಿಮೀಟರಿನವು. ಈ ಎಂಜಿನ್ನಿನ ನಟ್ಟುಗಳೆಲ್ಲ ಇಂಚಿನವು. ನೀವೇ ಲೆಕ್ಕ ಮಾಡಿ: ಒಂದು ಇಂಚು 25.4 ಮಿಲಿಮೀಟರ್. ಅರ್ಧ ಇಂಚು ಎಂದರೆ 12.7. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ 0.3 ಮಿಲಿಮೀಟರ್ ಸಡಿಲ. ತುಕ್ಕು ಹಿಡಿದ ನಟ್ಟನ್ನು ಜೋರಾಗಿ ತಿರುಗಿಸಿದಾಗ ಅಷ್ಟು ಸಡಿಲ ಸಾಕು, ನಟ್ಟಿನ ಆರು ಮೂಲೆ ಸವೆದು ಗೋಲಿಯಾಗುತ್ತದೆ. ನಾನು ಎರಡು ನಟ್ಟು ಹಾಗೆ ಹಾಳುಮಾಡಿದ ಮೇಲೆ ಅಪ್ಪಯ್ಯನ ಹಳೆಯ ಸ್ಪ್ಯಾನರ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ.

ಬಹಳ ಕಾಲ ನಿಂತ ಎಂಜಿನ್ನನ್ನು ಒಮ್ಮೆಲೇ ಸ್ಟಾರ್ಟ್ ಮಾಡಬಾರದು. ನಾಲ್ಕೂ ಪ್ಲಗ್ ಬಿಚ್ಚಿ ಒಳಗೆ ಒಂದೊಂದು ಚಮಚ ಎಣ್ಣೆ ಬಿಟ್ಟು ನಾಲ್ಕು ದಿನ ಕಾದೆವು. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ಅಪ್ಪಯ್ಯ ನನಗೆ ಕಲಿಸಿದ ಮೊದಲ ಪಾಠ ಅದು. ಟ್ಯಾಂಕಿನ ಹಳೆಯ ಪೆಟ್ರೋಲ್ ಅಂಟಾಗಿತ್ತು, ಪೂರ್ತಿ ತೆಗೆದು ತೊಳೆದೆವು. ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಊದಿದೆವು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆವು. ಪುಟ್ಟಿ ಫೀಲರ್ ಗೇಜ್ ಹಿಡಿದು ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಹೊಂದಿಸಿದಳು. ನನ್ನ ಕಣ್ಣಿಗೆ ಅದು ಕಾಣುವುದೇ ಇಲ್ಲ.

ಫೆಬ್ರವರಿಯ ಒಂದು ಸಂಜೆ ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹಿಡಿಯಿತು. ಕೊಟ್ಟಿಗೆ ತುಂಬ ಹೊಗೆ. ಪುಟ್ಟಿ ಕುಣಿದಳು, ನನಗೂ ಕಣ್ಣು ತುಂಬಿತು. ಮದುವೆಯಾದ ತಂಗಿಯನ್ನು ಬೈಂದೂರಿಗೆ ಕಳಿಸಿಕೊಟ್ಟದ್ದು ಇದೇ ಕಾರಿನಲ್ಲಿ, ಇದೇ ಸದ್ದಿನಲ್ಲಿ.

ಆ ಖುಷಿಯಲ್ಲೇ ನಾನು ತಪ್ಪು ಮಾಡಿದೆ. ಬ್ರೇಕ್ ಆಯಿಲ್ ಸ್ವಲ್ಪ ತುಂಬಿ ಪೆಡಲ್ ನಾಲ್ಕು ಸಲ ಒತ್ತಿದೆ. ಗಟ್ಟಿಯಾಯಿತು. 'ಸಾಕು, ಅಂಗಳದ ತನಕ ತಾನೆ' ಎಂದುಕೊಂಡೆ. ನಮ್ಮ ಅಂಗಳ ಗದ್ದೆಯ ಕಡೆಗೆ ಇಳಿಜಾರು. ಹೆಡ್‌ಲೈಟ್ ಉರಿಯುತ್ತದೋ ನೋಡಲು ಪುಟ್ಟಿಯನ್ನು ಎದುರಿಗೆ ನಿಲ್ಲಿಸಿದ್ದೆ. ಅಷ್ಟರಲ್ಲಿ ಅವಳ ಅಮ್ಮಮ್ಮ ಮಜ್ಜಿಗೆ ಕುಡಿಯಲು ಕರೆದಳು, ಅವಳು ಓಡಿದಳು. ನಾನು ಕ್ಲಚ್ ಬಿಟ್ಟೆ. ಕಾರು ಹೊರಟಿತು. ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೇ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದೆ, ಅದರ ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಾರು ಹೋಗಿ ಪಕ್ಕದ ಮನೆಯವರ ಹುಲ್ಲುಕುತ್ರಿಗೆ ನುಗ್ಗಿ ನಿಂತಿತು. ಪುಟ್ಟಿ ನಿಂತಿದ್ದ ಜಾಗವನ್ನು ದಾಟಿಯೇ ಹೋಗಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಪುಟ್ಟಿ ಕೇಳಿದಳು, "ಅಜ್ಜಯ್ಯ, ನಾವ್ ಎಂಜಿನ್ ಯಾಕ್ ಮೊದ್ಲ್ ಮಾಡಿದ್ದ್?" ನನ್ನಲ್ಲಿ ಉತ್ತರ ಇರಲಿಲ್ಲ. ಸದ್ದು ಕೇಳುವ ಆಸೆ, ಅಷ್ಟೇ.

ಈ ಕಾರಿನ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಸಾಲು. ಎಲ್ಲಿ ಸೋರಿದರೂ ನಾಲ್ಕೂ ಹೋದಂತೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಊರಿನ ಹವೆಯಲ್ಲಿ ವರ್ಷಗಟ್ಟಲೆ ನಿಂತರೆ ಸಿಲಿಂಡರಿನ ಒಳಮೈ ತುಕ್ಕು ಹಿಡಿದು ರಬ್ಬರನ್ನು ಕೊರೆಯುತ್ತದೆ. ಈ ಸಲ ಎಲ್ಲವನ್ನೂ ಬಿಚ್ಚಿದೆವು. ಜ್ಯಾಕ್ ಒಂದನ್ನೇ ನಂಬದೆ ಕಬ್ಬಿಣದ ಸ್ಟ್ಯಾಂಡ್ ಇಟ್ಟೆವು. ಮುರಕಲ್ಲನ್ನಾಗಲಿ ಸಿಮೆಂಟ್ ಇಟ್ಟಿಗೆಯನ್ನಾಗಲಿ ಕಾರಿನ ಅಡಿಗೆ ಕೊಡಬಾರದು, ಅವು ಹೇಳದೆ ಕೇಳದೆ ಒಡೆಯುತ್ತವೆ. ಹಳೆಯ ಬ್ರೇಕ್ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಊದಬಾರದು, ಮೂಗು ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ಹೊತ್ತು ಪುಟ್ಟಿಯನ್ನು ಹತ್ತಿರ ಬಿಡಲಿಲ್ಲ. ಹೊಸ ರಬ್ಬರ್, ಹೊಸ ಹೋಸ್, ಹೊಸ ಕೇಬಲ್ ಹಾಕಿ, ಬ್ರಹ್ಮಾವರದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದು ಪ್ರತಿ ಚಕ್ರವನ್ನೂ ತೋರಿಸಿದೆ.

ಕೊನೆಗೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ನಾನು ಪೆಡಲ್ ಮೇಲೆ. ಪುಟ್ಟಿ ಹಿಂದಿನ ಎಡಚಕ್ರದ ಬಳಿ, ಕೈಯಲ್ಲಿ ಬಾಟಲಿ, ಅದರಲ್ಲಿ ಮುಳುಗಿದ ಸಣ್ಣ ಕೊಳವೆ. ಮಾಸ್ಟರ್ ಸಿಲಿಂಡರಿಗೆ ಬಹಳ ದೂರದ ಚಕ್ರದಿಂದ ಶುರುಮಾಡಿ ಹತ್ತಿರಕ್ಕೆ ಬರಬೇಕು. "ಒತ್ತಿ" ಎಂದರೆ ಒತ್ತುವುದು, "ಹಿಡ್ಕಣಿ" ಎಂದರೆ ಹಿಡಿಯುವುದು. ಗುಳ್ಳೆ ನಿಲ್ಲುವ ತನಕ ಅವಳು ಹೇಳಿದ್ದೇ ಮಾತು.

ಕಾರು ಇನ್ನೂ ರಸ್ತೆಗೆ ಇಳಿದಿಲ್ಲ. ನೋಂದಣಿ ನವೀಕರಣ ಆಗಬೇಕು, ಅದಕ್ಕೆ ತಪಾಸಣೆಯಲ್ಲಿ ಪಾಸಾಗಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಆದರೆ ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಯಾವುದು ನಮಗೆ ಸರಿ ಎಂದು ಯೋಚಿಸುತ್ತಿದ್ದೇವೆ. ಮರವಂತೆಗೆ ಹೋಗುವುದು ಮಳೆ ಮುಗಿದ ಮೇಲೆ.

ಸದ್ಯಕ್ಕೆ ಪ್ರತಿ ಭಾನುವಾರ ಕೊಟ್ಟಿಗೆಯಿಂದ ಗೇಟಿನ ತನಕ, ಗೇಟಿನಿಂದ ಕೊಟ್ಟಿಗೆಗೆ. ನಡುವೆ ಮೂರು ಕಡೆ ಪುಟ್ಟಿ ಸುಣ್ಣದ ಗೆರೆ ಎಳೆದಿದ್ದಾಳೆ, ಪ್ರತಿ ಗೆರೆಯಲ್ಲೂ ನಿಲ್ಲಿಸಬೇಕು. ಅವಳು ನಿಲ್ಲುವುದು ಜಗಲಿಯ ಮೇಲೆ, ಕಾರಿನ ಎದುರಿಗಲ್ಲ. ಕಳೆದ ವಾರ ಎರಡನೆಯ ಗೆರೆಯನ್ನು ಒಂದು ಗೇಣು ದಾಟಿದೆ. "ಅಜ್ಜಯ್ಯ, ಇನ್ನೊಂದ್ ಸಲ" ಎಂದಳು. ಮತ್ತೆ ಕೊಟ್ಟಿಗೆಯಿಂದಲೇ ಶುರುಮಾಡಿದೆ.